ಹೆಸರು ಎರಡಾದರೆ ಆಳೂ ಇಬ್ಬರೇ?

ಜ್ಞಾನ ನಿರೂಪಣೆಯ, ಅಂದರೆ ತಿಳಿದದ್ದನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆದುಕೊಡುವ ವಿದ್ಯೆಯ, ಪಾಠ ಶುರುವಾದಾಗ ವಿದ್ಯಾರ್ಥಿಗಳ ಕೈಯಲ್ಲಿ ನಾನು ಮೊದಲು ಮಾಡಿಸುವ ಪ್ರಯೋಗ ಇದು. ಪ್ರೊಟೆಜೆ ಎಂಬ ಉಚಿತ ತಂತ್ರಾಂಶದಲ್ಲಿ, ಒಬ್ಬರಿಗೆ ಹೆತ್ತ ತಾಯಿ ಒಬ್ಬಳೇ ಎಂದು ನಿಯಮ ಬರೆಯುತ್ತೇವೆ. ಗೌರಿಯ ತಾಯಿ ಲಕ್ಷ್ಮಮ್ಮ ಎಂದು ಒಂದು ಸಾಲು, ಗೌರಿಯ ತಾಯಿ ಲಕ್ಷ್ಮೀದೇವಿ ಎಂದು ಇನ್ನೊಂದು. ಈಗ ತಪ್ಪು ತೋರಿಸುತ್ತದೆ ಎಂದು ಎಲ್ಲರೂ ಕಾಯುತ್ತಾರೆ. ತೋರಿಸುವುದಿಲ್ಲ. ಹಾಗಾದರೆ ಲಕ್ಷ್ಮಮ್ಮನೂ ಲಕ್ಷ್ಮೀದೇವಿಯೂ ಒಬ್ಬರೇ ಎಂದು ತೀರ್ಮಾನಿಸುತ್ತದೆ. ಅವರಿಬ್ಬರೂ ಬೇರೆ ಬೇರೆ ಎಂದು ನಾವಾಗಿ ಬರೆದುಕೊಟ್ಟರೆ ಮಾತ್ರ ತಕರಾರು ತೆಗೆಯುತ್ತದೆ.

ಇದು ಪ್ರೊಟೆಜೆಯಲ್ಲಿ ನಾವು ನಿಯಮ ಬರೆಯುವ ಭಾಷೆಯಾದ ಔಲ್, ಅಂದರೆ ವೆಬ್ ಆಂಟಾಲಜಿ ಲ್ಯಾಂಗ್ವೇಜ್‌ನ ಗುಣ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2004ರಲ್ಲಿ ಇದನ್ನು ಮಾನ್ಯ ಮಾಡಿತು, 2009ರಲ್ಲಿ ಎರಡನೇ ಆವೃತ್ತಿ ತಂದಿತು. ಜಾಲದಲ್ಲಿ ಮಾಹಿತಿ ಬರೆಯುವವರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ಒಂದೇ ಊರಿಗೆ, ಒಂದೇ ಔಷಧಿಗೆ ಒಬ್ಬೊಬ್ಬರದು ಒಂದೊಂದು ಹೆಸರು. ಆದ್ದರಿಂದ ಹೆಸರು ಬೇರೆಯಾದ ಮಾತ್ರಕ್ಕೆ ಆಳು ಬೇರೆ ಎಂದು ಅದು ನಂಬುವುದಿಲ್ಲ. ಬರೆದಿಲ್ಲ ಎಂಬ ಕಾರಣಕ್ಕೆ ಸುಳ್ಳು ಎಂದೂ ಹೇಳುವುದಿಲ್ಲ. ಮಗುವಿನ ಲಸಿಕೆಯ ವಿವರ ಸಿಗದಿದ್ದರೆ ಹಾಕಿಸಿಯೇ ಇಲ್ಲ ಎಂದು ಷರಾ ಬರೆಯದೆ, ಗೊತ್ತಿಲ್ಲ ಎಂದು ಸುಮ್ಮನಿರುತ್ತದೆ. ಈ ವಿವೇಕ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ನಮ್ಮ ದೊಡ್ಡಮ್ಮನ ಪಿಂಚಣಿ ನಿಂತದ್ದು ಈ ವಿವೇಕ ಇಲ್ಲದ ಕಡೆ. ಆಧಾರ್‌ನಲ್ಲಿ ಜಯಮ್ಮ, ಪಾಸ್‌ಬುಕ್ಕಿನಲ್ಲಿ ಜಯಲಕ್ಷ್ಮಮ್ಮ. ಹೆಬ್ಬೆಟ್ಟು ಹೊಂದಿತು, ಫೋಟೊ ಹೊಂದಿತು, ಹೆಸರು ಹೊಂದಲಿಲ್ಲ. ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಸೀಲು ಹಾಕಿಸಿಕೊಂಡು ಅಲೆದರು, ಮಂಡಿನೋವಿನ ಕಾಲೆಳೆದುಕೊಂಡು. ಔಲ್‌ನಲ್ಲಿ ಅದೇ ಮಾತಿಗೆ ಒಂದು ಸಾಲು ಸಾಕು.

ದುಡ್ಡು ಕೊಡುವ ಕಚೇರಿ ಗೊತ್ತಿಲ್ಲ ಎಂದು ಕೂರಲಾಗದು, ಒಪ್ಪುತ್ತೇನೆ. ದಾಖಲೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಅದೇ ಕನ್ಸಾರ್ಷಿಯಂ 2017ರಲ್ಲಿ ಶ್ಯಾಕಲ್ ಎಂಬ ಮಾನಕವನ್ನೂ ತಂದಿದೆ. ಯಾವ ದಾಖಲೆಯಲ್ಲಿ ಯಾವ ವಿವರ ಕೊರತೆ ಎಂದು ಅದು ವರದಿ ಕೊಡುತ್ತದೆ. ಕೊರತೆ ಇರುವುದು ಕಾಗದದಲ್ಲಿ. ಅದಕ್ಕಾಗಿ ಫಲಾನುಭವಿಯ ಹೆಸರನ್ನೇ ಪಟ್ಟಿಯಿಂದ ತೆಗೆಯುವುದು ಅನ್ಯಾಯ.

ಹೌದು, ಇಲ್ಲ ಎಂಬ ಎರಡು ಕಾಲಂಗಳ ಪಕ್ಕದಲ್ಲಿ ಖಚಿತವಾಗಿಲ್ಲ ಎಂಬ ಮೂರನೆಯದು ಬೇಕು. ಅದರೊಳಗೆ ಬಿದ್ದ ಹೆಸರನ್ನು ವಿಚಾರಿಸಲು ಇಲಾಖೆಯವರೇ ಮನೆಗೆ ಬರಬೇಕು, ಅಲ್ಲಿಯವರೆಗೆ ಪಿಂಚಣಿ ತಿಂಗಳು ತಿಂಗಳು ಖಾತೆಗೆ ಬೀಳುತ್ತಿರಬೇಕು.