ಆಯಾಗೆ ಯಾಕೆ ಕಾಣಿಕೆ?

ಮನೆಗೆಲಸದಾಕೆ ಮಗಳ ಹೆರಿಗೆಗೆ ಎಲ್ಲಿ ಸೇರಿಸಲಿ ಅಂತ ಕೇಳಿದರೆ, 'ಸರ್ಕಾರಿ ಆಸ್ಪತ್ರೆ ಬೇಡಮ್ಮ, ಸಾಲ ಮಾಡಿಯಾದರೂ ನರ್ಸಿಂಗ್ ಹೋಂಗೆ ಹೋಗು' ಅನ್ನುವವರೇ ಹೆಚ್ಚು. ಅಲ್ಲಿನ ಡಾಕ್ಟರಿಗೆ ಕೈಗುಣ ಇಲ್ಲವೆಂದಲ್ಲ. ನೋವಿಗೆ ಕೂಗಿದರೆ ಗದರಿಕೆ, ಮಗು ತೋರಿಸಲು ಆಯಾಗೆ ಕಾಣಿಕೆ. ಗಂಡಾದರೆ ಒಂದು ರೇಟು, ಹೆಣ್ಣಾದರೆ ಇನ್ನೊಂದು! ಜನ ಬೇಸತ್ತಿರುವುದು ಇದಕ್ಕೆ.

'ಹೋಗ್ಲಿ ಬಿಡಿ, ಶುಭಕಾರ್ಯ' ಎಂದು ಕೊಟ್ಟುಬಿಡುವುದು ನನಗಂತೂ ಒಪ್ಪಿಗೆಯಿಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನ ಊಟವೂ ಉಂಟು. ಹೆರಿಗೆ ಕೋಣೆಯಲ್ಲಿ ಅಮ್ಮನೋ ಅಕ್ಕನೋ ಜೊತೆಗಿರಬಹುದು ಎನ್ನುತ್ತದೆ 2017ರ 'ಲಕ್ಷ್ಯ' ಯೋಜನೆ. ಇದನ್ನು ಮಾತ್ರ ಬಿಡಬೇಡಿ, ಕೇಳಿ ಪಡೆಯಲು ಹೇಳಿ. ತನ್ನವರೊಬ್ಬರು ಪಕ್ಕದಲ್ಲಿ ನಿಂತರೆ ಬಾಣಂತಿಗೆ ಧೈರ್ಯ, ಗದರುವ ಬಾಯಿಗೂ ಸ್ವಲ್ಪ ಬೀಗ.

ಯಾರಾದರೂ ದುಡ್ಡು ಕೇಳಿದರೆ ರಸೀದಿ ಕೇಳಲಿ. ಆಮೇಲೂ ಪೀಡಿಸಿದರೆ ದಿನ, ಹೊತ್ತು, ವಾರ್ಡು ಬರೆದು ವೈದ್ಯಾಧಿಕಾರಿಗೆ ದೂರು ಕೊಡಲಿ. ಅರ್ಜಿ ಬರೆದುಕೊಡೋಕೆ ನಿಮಗೆ ಹತ್ತು ನಿಮಿಷ ಸಾಕು. ನರ್ಸಮ್ಮನ ಮೇಲೆ ಕೂಗಾಡುವುದು ಬೇಡ, ಪಾಪ, ಎಷ್ಟೋ ಕಡೆ ಒಬ್ಬಳೇ ಇಡೀ ವಾರ್ಡು ನೋಡ್ತಿರ್ತಾಳೆ. ಚೆನ್ನಾಗಿ ನೋಡಿಕೊಂಡರೆ ಅದನ್ನೂ ಎರಡು ಸಾಲು ಬರೆದು ಕೊಡಿ.