ಸದ್ದಿಲ್ಲದ ಸಿನಿಮಾ ನಮ್ಮೂರ ಥಿಯೇಟರಿಗೆ ಬೇಕೆ?

ಹೊಡೆದಾಟ, ಅಬ್ಬರ ಬಿಟ್ಟು ಒಂದೆರಡು ಪಾತ್ರಗಳನ್ನೇ ನೆಚ್ಚಿಕೊಂಡ ಚಿತ್ರಗಳಿಗೆ ಪ್ರಶಸ್ತಿ ಬರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಪರದೆಗೆ ಅವು ಬರುವುದು ಅಪರೂಪ. ಬರಬೇಕೆ? ಇಬ್ಬರ ವಾದ ಇಲ್ಲಿದೆ.

ಪರ: ಇವು ನಮ್ಮವೇ ಕಥೆಗಳು
(ತರೀಕೆರೆಯ ನಿವೃತ್ತ ಕನ್ನಡ ಉಪನ್ಯಾಸಕಿ)

‘ನಮ್ಮ ಜನಕ್ಕೆ ಇಂಥ ಸಿನಿಮಾ ಹಿಡಿಸೋಲ್ಲ’ ಅನ್ನುವವರನ್ನು ಒಂದು ದಿನ ತಾಲ್ಲೂಕು ಕಚೇರಿ ಮುಂದೆ ನಿಲ್ಲಿಸಬೇಕು. ಪಹಣಿಯಲ್ಲಿ ಹೆಸರು ತಪ್ಪಾಯಿತೆಂದು ತಿಂಗಳುಗಟ್ಟಲೆ ಅಲೆಯುವ ಮುದುಕರು ಅಲ್ಲಿ ಸಿಗುತ್ತಾರೆ. ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ (1986) ಅವರದೇ ಕಥೆ. ಮೂಲ ಕಥೆ ನಮ್ಮದೇ ಜಿಲ್ಲೆಯ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರದು. ಜೀವಮಾನವಿಡೀ ಸರ್ಕಾರಕ್ಕೆ ದುಡಿದ ಸಣ್ಣ ನೌಕರ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ನಡೆಯುತ್ತಾನೆ. ಅತ್ತ ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ಮೀಸೆ ತಿರುವುವ ಖಳನಾಯಕ ಯಾರೂ ಇಲ್ಲ. ಕಡತ ಕದಲುವುದಿಲ್ಲ, ತಬರ ದಿನದಿಂದ ದಿನಕ್ಕೆ ಸವೆಯುತ್ತಾನೆ. ಆ ಸವೆತವನ್ನು ನಡಿಗೆಯಲ್ಲಿ, ಬಾಗುವ ಬೆನ್ನಿನಲ್ಲಿ ತೋರಿಸಿದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ, ಚಿತ್ರಕ್ಕೆ ಸ್ವರ್ಣಕಮಲ ಬಂತು.

ಯಾವನಾದರೂ ಹೀರೊ ಬಂದು ಗುಮಾಸ್ತನಿಗೆ ನಾಲ್ಕು ಬಾರಿಸಿದ್ದರೆ ನಾವು ಸೀಟಿ ಹೊಡೆದು, ಮನೆಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಿದ್ದೆವು. ತಬರ ಆ ನೆಮ್ಮದಿ ಕೊಡುವುದಿಲ್ಲ. ಅದಕ್ಕೇ ಮಾರನೆ ದಿನ ಕಚೇರಿ ಬೆಂಚಿನ ಮೇಲೆ ಕೂತ ಮುದುಕನನ್ನು ನೀವು ಸುಮ್ಮನೆ ದಾಟಿ ಹೋಗಲಾರಿರಿ. ಅಬ್ಬರದ ಚಿತ್ರ ಕೈಯಲ್ಲಿ ಚಪ್ಪಾಳೆ ತಟ್ಟಿಸುತ್ತದೆ, ಇದು ಕಣ್ಣನ್ನೇ ತಿದ್ದುತ್ತದೆ.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಎದ್ದಾಗ ಮುಳುಗಡೆಯಾದವರ ನೋವು ನಮ್ಮ ಸೀಮೆಗೆ ಹೊಸದಲ್ಲ. ನಾ. ಡಿಸೋಜರ ಕಾದಂಬರಿ ಆಧರಿಸಿದ ‘ದ್ವೀಪ’ ಚಿತ್ರದಲ್ಲಿ ಸೌಂದರ್ಯ ನಟಿಸಿದ ನಾಗಿ, ನೀರು ಏರುತ್ತಿರುವಾಗ ಮನೆ ಉಳಿಸಲು ಜೀವ ತೇಯುತ್ತಾಳೆ. ಉಳಿದ ಮೇಲೆ ಗಂಡ ಅದರ ಪುಣ್ಯವನ್ನು ದೇವರ ಲೆಕ್ಕಕ್ಕೆ ಬರೆಯುತ್ತಾನೆ. ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕೆ? ಮೆಲುದನಿಯ ಕಥೆಯೂ ನಮಗೆ ಹೊಸದಲ್ಲ: ‘ನಾನು ಕೊಂದ ಹುಡುಗಿ’ ಕಥೆ ಬರೆದ ‘ಆನಂದ’ ಅಂದರೆ ನಮ್ಮ ಅಜ್ಜಂಪುರ ಸೀತಾರಾಂ. ಒಂದು ಮನೆ, ಒಬ್ಬ ಅತಿಥಿ, ಒಬ್ಬ ಹುಡುಗಿ. ಓದಿದವರು ಇಂದಿಗೂ ಮರೆತಿಲ್ಲ.

ನಿಧಾನ ಅನ್ನುತ್ತಾರೆ. ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಜನ ಗಂಟೆಗಟ್ಟಲೆ ಕೂತು ನಾಟಕ ನೋಡುವುದಿಲ್ಲವೆ? ಕೆ.ವಿ. ಸುಬ್ಬಣ್ಣನವರ ನೀನಾಸಮ್ ಚಿತ್ರಸಮಾಜ ಹೆಗ್ಗೋಡಿನಂಥ ಹಳ್ಳಿಯಲ್ಲಿ ‘ಪಥೇರ್ ಪಾಂಚಾಲಿ’ ತೋರಿಸಿತು. ಹೆಗ್ಗೋಡಿನ ಅಡಿಕೆ ಬೆಳೆಗಾರನಿಗೆ ದಕ್ಕಿದ್ದು ತರೀಕೆರೆಯ ಅಡಿಕೆ ಬೆಳೆಗಾರನಿಗೆ ಯಾಕೆ ದಕ್ಕದು? ಸಬ್ಸಿಡಿಗೆಂದೇ ತೆಗೆದು, ಕ್ಯಾಮೆರಾ ಕದಲಿಸದಿರುವುದನ್ನೇ ಕಲೆ ಅಂದುಕೊಂಡ ಚಿತ್ರಗಳೂ ಇವೆ. ಬಹುಪಾಲು ಅಂಥವೇ ಇದ್ದಾವು. ಇರಲಿ, ಒಳ್ಳೆಯದನ್ನು ಆರಿಸಿ ತನ್ನಿ.

ವಿರೋಧ: ಬಾಡಿಗೆ ಕಟ್ಟುವವರು ಯಾರು?
(ಕಡೂರಿನಲ್ಲಿ ಚಿತ್ರಮಂದಿರದ ಲೆಕ್ಕ ನೋಡಿಕೊಂಡಿದ್ದವರು)

ಪಾಯಿಂಟು ಪಾಯಿಂಟಾಗಿ ಹೇಳಿಬಿಡುತ್ತೇನೆ.

ಒಂದು, ದುಡ್ಡು. ಕರೆಂಟು ಬಿಲ್ಲು, ತೆರಿಗೆ, ಸಂಬಳ ಜನ ಬಂದರೂ ಬಾರದಿದ್ದರೂ ಕಟ್ಟಬೇಕು. ಕ್ಯೂಬ್, ಯುಎಫ್‌ಒದಂಥ ಡಿಜಿಟಲ್ ಪ್ರದರ್ಶನ ಸೇವೆಗಳ ಮೂಲಕ ಚಿತ್ರ ಹಾಕಿಸಲು ನಿರ್ಮಾಪಕರೂ ಶುಲ್ಕ ತೆರಬೇಕು. ಸಣ್ಣ ಚಿತ್ರದವರಿಗೆ ತಾಲ್ಲೂಕು ಮಟ್ಟದಲ್ಲಿ ಅದು ಗಿಟ್ಟುವುದಿಲ್ಲ.

ಎರಡು, ಶುಕ್ರವಾರ. ಇಂಥ ಚಿತ್ರ ಬಾಯಿಮಾತಿನಿಂದ ಓಡಬೇಕು. ಬಾಯಿಮಾತು ಹರಡುವಷ್ಟರಲ್ಲಿ ಮುಂದಿನ ಶುಕ್ರವಾರ ಬಂದು ದೊಡ್ಡ ಚಿತ್ರ ಪರದೆ ಹಿಡಿದಿರುತ್ತದೆ.

ಮೂರು, ಪ್ರೇಕ್ಷಕ. ದಿನವಿಡೀ ಈರುಳ್ಳಿ ಹೊಲದಲ್ಲಿ ಬಗ್ಗಿ ದುಡಿದವನಿಗೆ, ದುಡ್ಡು ಕೊಟ್ಟು ನಿನ್ನ ಗೋಳನ್ನೇ ನೋಡು ಅನ್ನುವುದು ಯಾವ ನ್ಯಾಯ? ‘ಕೆಜಿಎಫ್’, ‘ಕಾಂತಾರ’ಕ್ಕೆ ಜನ ಮುಗಿಬಿದ್ದದ್ದು ದೊಡ್ಡ ಪರದೆಗೆ, ದೊಡ್ಡ ಸದ್ದಿಗೆ.

ನಾಲ್ಕು, ಮೊಬೈಲು. ಮೆಲುದನಿಯ ಚಿತ್ರವನ್ನು ಮನೆಯಲ್ಲೇ ನೋಡಬಹುದು.

‘ತಿಥಿ’ ಓಡಲಿಲ್ಲವೇ ಎಂದು ಕೇಳುತ್ತಾರೆ. ರಾಮ್ ರೆಡ್ಡಿ ಮಂಡ್ಯ ಕಡೆಯ ಹಳ್ಳಿಗರಿಂದಲೇ ನಟನೆ ಮಾಡಿಸಿದ, ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದ ಚಿತ್ರ. ಅದು ಬೇರೆ, ಅದರಲ್ಲಿ ನಗು ಇತ್ತು. ಹೊಡೆದಾಟ, ಸ್ಟಾರು ಎರಡೂ ಇರಲಿಲ್ಲ, ನಿಜ. ಅದರ ಮುದುಕ ಗಡ್ಡಪ್ಪ ಸುಮ್ಮನೆ ನಡೆದುಹೋದರೂ ನೋಡುತ್ತ ಕೂರಬೇಕೆನಿಸುತ್ತದೆ. ನಮ್ಮ ಮನೆಯವರೂ ಮತ್ತೆ ಹಾಕಿಸಿಕೊಂಡು ನೋಡಿದರು. ‘ತಿಥಿ’ ತೆರೆಕಂಡ 2016ರಲ್ಲೇ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ರೌಡಿಗಳೂ ಇದ್ದರು. ಆದರೆ ಜನ ನೆನಪಿಟ್ಟದ್ದು ಅನಂತನಾಗ್ ಅವರ ಮರೆವಿನ ಅಪ್ಪನನ್ನು. ಇದು ನನ್ನ ವಾದಕ್ಕೆ ಹೊಂದುವುದಿಲ್ಲ, ಬಿಡಿ.

ಒಟ್ಟಿನಲ್ಲಿ, ವಾರಪೂರ್ತಿ ಬೇಡ. ಕಾಲೇಜಿನವರು ಟಿಕೆಟ್ ಹೊಣೆ ಹೊತ್ತರೆ ಭಾನುವಾರದ ಬೆಳಗಿನ ಆಟ ಕೊಡಬಹುದು. ಅದಕ್ಕಿಂತ ಹೆಚ್ಚು ಕೇಳಿದರೆ ಥಿಯೇಟರು ಕಲ್ಯಾಣಮಂಟಪವಾಗುತ್ತದೆ. ಆಮೇಲೆ ಸದ್ದಿನದೂ ಇಲ್ಲ, ಸದ್ದಿಲ್ಲದ್ದೂ ಇಲ್ಲ.