ಬಿಯರ್ ಕುಡಿಸಿ ಮರೆಸಿದ ಕೋಳ



2009ರ ಜುಲೈ 16ರಂದು ಅಮೆರಿಕದ ಕೇಂಬ್ರಿಜ್ ಊರಿನಲ್ಲಿ ಹೆನ್ರಿ ಲೂಯಿ ಗೇಟ್ಸ್ ಎಂಬ ಕರಿಯ ಪ್ರೊಫೆಸರರಿಗೆ ಪೋಲೀಸರು ಕೋಳ ಹಾಕಿದರು. ಅದೂ ಅವರದೇ ಮನೆಯ ಜಗಲಿಯಲ್ಲಿ. ಈ ಕತೆ ಹೇಳುವವರೆಲ್ಲ 'ಆಮೇಲೆ ಪ್ರೆಸಿಡೆಂಟ್ ಒಬಾಮ ಇಬ್ಬರನ್ನೂ ಕರೆಸಿ ಬಿಯರ್ ಕುಡಿಸಿದ, ರಾಜಿಯಾಯ್ತು' ಅಂತ ಮುಗಿಸಿ ನಗುತ್ತಾರೆ. ನಗುವಂಥಾದ್ದು ಇದರಲ್ಲಿ ಏನಿದೆ?

ಗೇಟ್ಸ್ ಹಾರ್ವರ್ಡಿನ ಮೇಷ್ಟ್ರು. ಆಗ 58 ವರ್ಷ, ಕೋಲೂರಿ ನಡೆಯುವವರು. ಡುಬಾಯ್ಸ್ ಹೆಸರಿನ ಸಂಶೋಧನಾ ಸಂಸ್ಥೆಗೆ ಮುಖ್ಯಸ್ಥರು. (1946ರಲ್ಲಿ ಬಾಬಾಸಾಹೇಬರು ಕಾಗದ ಬರೆದದ್ದು ಇದೇ ಡುಬಾಯ್ಸರಿಗೆ. ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು.) ಚೀನಾದಿಂದ ವಾಪಸು ಬಂದು ನೋಡಿದರೆ ಮುಂಬಾಗಿಲು ಕಚ್ಚಿಕೊಂಡಿದೆ. ಡ್ರೈವರ್ ಜೊತೆ ಸೇರಿ ನೂಕಿ ತೆಗೆದರು. ಬೀದಿಯಲ್ಲಿದ್ದ ಹೆಂಗಸೊಬ್ಬಳು ಪೋಲೀಸಿಗೆ ಫೋನು ಮಾಡಿದಳು. ಫೋನಿನಲ್ಲಿ ಆಕೆ 'ಕರಿಯರು' ಅನ್ನಲೇ ಇಲ್ಲ, ಮನೆಯವರೇ ಇದ್ದರೂ ಇರಬಹುದು ಅಂತಲೂ ಅಂದಳು. ಟೇಪಿನಲ್ಲಿದೆ. ಆದರೆ ಬಂದ ಸಾರ್ಜೆಂಟ್ ಜೇಮ್ಸ್ ಕ್ರೌಲಿ ತನ್ನ ವರದಿಯಲ್ಲಿ, ಇಬ್ಬರು ಕರಿಯ ಗಂಡಸರನ್ನು ನೋಡಿದೆ ಎಂದು ಆಕೆ ಸ್ಥಳದಲ್ಲಿ ತನಗೆ ಹೇಳಿದಳು ಅಂತ ಬರೆದ. ಆಕೆಯ ವಕೀಲರು ಅದನ್ನು ಅಲ್ಲಗಳೆದರು.

ಇರಲಿ. ಗೇಟ್ಸ್ ಗುರುತಿನ ಚೀಟಿ ತೋರಿಸಿದರು. ಇವರು ಮನೆಯಲ್ಲಿ ನ್ಯಾಯವಾಗಿಯೇ ಇದ್ದಾರೆ ಎಂದು ತನಗೆ ಅನ್ನಿಸಿತು ಅಂತ ಸಾರ್ಜೆಂಟನೇ ಬರೆದಿದ್ದಾನೆ. ಅಲ್ಲಿಗೆ ಅವನ ಕೆಲಸ ಮುಗಿಯಿತು. 'ತಪ್ಪಾಯ್ತು ಸ್ವಾಮಿ' ಅಂದು ಹೋಗಬೇಕಿತ್ತು. ಹೋಗಲಿಲ್ಲ. ಯಾಕೆಂದರೆ ಗೇಟ್ಸ್ ದನಿ ಎತ್ತಿದ್ದರು, 'ನಾನು ಕರಿಯ ಅಂತ ತಾನೇ ಹೀಗೆ' ಎಂದು ಕೇಳಿದ್ದರು. ಮನೆಯೊಳಗೆ ಕೂಗಿದರೆ ಸಾರ್ವಜನಿಕ ಶಾಂತಿಭಂಗದ ಕೇಸು ನಿಲ್ಲುವುದು ಕಷ್ಟ. ಅದಕ್ಕೆ ಹೊರಗೆ ಬಾ ಅಂದ. ಯಾಕಪ್ಪಾ ಅಂದರೆ, ಅಡುಗೆಮನೆಯಲ್ಲಿ ದನಿ ಪ್ರತಿಧ್ವನಿಸಿ ತನ್ನ ರೇಡಿಯೋಗೆ ತೊಂದರೆಯಾಗುತ್ತಿತ್ತಂತೆ! ಹೀಗಂತ ಸರ್ಕಾರಿ ಕಾಗದದ ಮೇಲೆ ಬರೆದಿದ್ದಾನೆ. ಹೊರಗೆ ಬಂದರು, ಕೋಳ ಬಿತ್ತು. ಸುಮಾರು ನಾಲ್ಕು ಗಂಟೆ ಹೊತ್ತು ಪೋಲೀಸರ ವಶದಲ್ಲಿದ್ದರು. ಜುಲೈ 21ಕ್ಕೆ ಕೇಸು ಕೈಬಿಟ್ಟರು.

ಪೋಲೀಸನಿಗೆ ಬಾಯಿಮಾತಿನಲ್ಲಿ ಎದುರಾಡುವುದು ಪ್ರಜೆಯ ಹಕ್ಕು ಎಂದು ಆ ದೇಶದ ಸುಪ್ರೀಂ ಕೋರ್ಟು ಹ್ಯೂಸ್ಟನ್ ನಗರದ ಕೇಸಿನಲ್ಲಿ 1987ರಲ್ಲೇ ಹೇಳಿತ್ತು. 22 ವರ್ಷದ ಮೇಲೆ ಹಾರ್ವರ್ಡ್ ಪ್ರೊಫೆಸರರಿಗೇ ಆ ಹಕ್ಕು ದಕ್ಕಲಿಲ್ಲ. ನಮ್ಮ ಠಾಣೆಗಳಲ್ಲಿ ಇದರ ಹೆಸರು 'ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ'. ಮೊದಲು 186 ಅನ್ನುತ್ತಿದ್ದರು, 2024ರ ಜುಲೈನಿಂದ 221 ಅನ್ನುತ್ತಾರೆ. ನಂಬರು ಬದಲಾಯಿತು.

ಆಮೇಲೆ ಶುರುವಾಯಿತು ಬಿಳಿಯರ ವಾದ. ಕ್ರೌಲಿ ಒಳ್ಳೆಯವನು, ಜನಾಂಗಭೇದ ಮಾಡಬಾರದೆಂದು ಪೋಲೀಸರಿಗೆ ಪಾಠ ಹೇಳುವವನು, 1993ರಲ್ಲಿ ಕುಸಿದುಬಿದ್ದ ಕರಿಯ ಆಟಗಾರ ರೆಜಿ ಲೂಯಿಸನ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟವನು. ನಿಜವೇ. 'ನಮ್ಮ ಗೌಡರು ತುಂಬಾ ಒಳ್ಳೆಯವರು ಕಣ್ರೋ' ಎಂಬ ಮಾತನ್ನು ನಾವೂ ಕೇಳಿಕೊಂಡೇ ಬೆಳೆದಿದ್ದೇವೆ. ಸಾಯುತ್ತಿರುವ ಕರಿಯನಿಗೆ ಉಸಿರು ಕೊಟ್ಟವನಿಗೆ, ಎದ್ದು ನಿಂತು ಪ್ರಶ್ನೆ ಕೇಳಿದ ಕರಿಯನನ್ನು ತಡೆದುಕೊಳ್ಳಲು ಆಗಲಿಲ್ಲ. ಅವನೊಬ್ಬನ ಎದೆ ಬಗೆದು ನೋಡಿ ಏನಾಗಬೇಕು? ಕೋಳ ಹಾಕುವ ಅಧಿಕಾರ ಯಾರ ಕೂಗಿಗೆ ಎದ್ದು ಬರುತ್ತದೆ, ಅದನ್ನು ಕೇಳಬೇಕು.

ಇನ್ನೊಂದು ನೋಡಿ. ಆವತ್ತು ದೇಶದ ಅಧ್ಯಕ್ಷ ಕರಿಯ. ಆ ರಾಜ್ಯದ ಗವರ್ನರ್ ಡೆವಾಲ್ ಪ್ಯಾಟ್ರಿಕ್ ಕರಿಯ. ಆ ಊರಿನ ಮೇಯರ್ ಡೆನಿಸ್ ಸಿಮನ್ಸ್ ಕರಿಯ ಹೆಂಗಸು. ಮೂರು ಕುರ್ಚಿ ಇದ್ದೂ ಕೋಳ ತಪ್ಪಲಿಲ್ಲ. ನಮ್ಮವರೊಬ್ಬರು ಮಂತ್ರಿಯಾದರೆ ಪಟಾಕಿ ಹೊಡೆಯುವ ಗೆಳೆಯರು ಇದನ್ನು ಸ್ವಲ್ಪ ಯೋಚಿಸಲಿ.

ಜುಲೈ 22ರಂದು ಒಬಾಮ, ಪೋಲೀಸರು ಮೂರ್ಖತನದಿಂದ ನಡೆದುಕೊಂಡರು ಎಂದರು. ಅಷ್ಟೇ! ಕೋಳ ನೋಯಿಸದ ದೇಶವನ್ನು ಆ ಒಂದು ಪದ ನೋಯಿಸಿತು. ಪೋಲೀಸ್ ಸಂಘಗಳು ಕ್ಷಮೆ ಕೇಳು ಎಂದವು. ಎರಡೇ ದಿನಕ್ಕೆ ಅಧ್ಯಕ್ಷರು ಪದಗಳ ಆಯ್ಕೆ ಬೇರೆ ಇರಬಹುದಿತ್ತು ಎಂದರು. ಎಂಟು ವರ್ಷದಲ್ಲಿ ಬಿಳಿಯರ ಬೆಂಬಲ ಇಷ್ಟು ಇಳಿದದ್ದು ಬೇರಾವ ಒಂದು ಘಟನೆಯಿಂದಲೂ ಅಲ್ಲ ಎಂದು 2020ರ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ನಮಗೆ ಇದು ಹೊಸದೇ? 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ 'ಬೂಸಾ' ಅಂದದ್ದಕ್ಕೆ ಅವರ ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ನಮ್ಮನ್ನು ಊರಾಚೆ ಇಟ್ಟದ್ದಕ್ಕೆ ಯಾರ ಕುರ್ಚಿ ಹೋಗಿದೆ?

ಜುಲೈ 30ರಂದು ಶ್ವೇತಭವನದ ತೋಟದಲ್ಲಿ ಬಿಯರ್ ಆಯಿತು. ನಾಲ್ಕು ಕುರ್ಚಿ, ನಾಲ್ಕು ಲೋಟ, ದೂರದಲ್ಲಿ ಕ್ಯಾಮೆರಾಗಳು. ಯಾರೂ ಕ್ಷಮೆ ಕೇಳಲಿಲ್ಲ. ಪೋಲೀಸು ವ್ಯವಸ್ಥೆಯ ಪ್ರಶ್ನೆ ಇಬ್ಬರು ಗಂಡಸರ ಮನಸ್ತಾಪವಾಗಿ ಇಳಿದುಹೋಯಿತು.

ಬಿಯರ್‌ಗೆ ಕರೆಯುವ ಗೆಳೆಯ ಇಲ್ಲದವರ ಗತಿ? ನ್ಯೂಯಾರ್ಕ್ ಪೋಲೀಸರು 2011ರ ಒಂದೇ ವರ್ಷ ಬೀದಿಯಲ್ಲಿ ಜನರನ್ನು ತಡೆದದ್ದು 6,85,724 ಸಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರಿಯರು. ನೂರಕ್ಕೆ ಸುಮಾರು 88 ಸಲ ಕೇಸೂ ಇಲ್ಲ, ದಂಡವೂ ಇಲ್ಲ. 2013ರಲ್ಲಿ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಅಂದಿತು. ಮರುವರ್ಷ ಅದೇ ಊರಿನ ಬೀದಿಯಲ್ಲಿ ಎರಿಕ್ ಗಾರ್ನರ್ ಎಂಬ ಕರಿಯನ ಕುತ್ತಿಗೆಯನ್ನು ಪೋಲೀಸನ ತೋಳು ಹಿಸುಕಿತು. ಆತ ಸತ್ತ.

ಗೇಟ್ಸ್ ಪ್ರಕರಣದ ಬಗ್ಗೆ ಕೇಂಬ್ರಿಜ್‌ನಲ್ಲಿ ಸಮಿತಿಯೊಂದು ಕೂತು 2010ರಲ್ಲಿ ವರದಿ ಕೊಟ್ಟಿತು. ಹೊಣೆ ಇಬ್ಬರದೂ ಅಂದಿತು. ಒಬ್ಬನ ಸೊಂಟದಲ್ಲಿ ಪಿಸ್ತೂಲು, ಇನ್ನೊಬ್ಬರ ಕೈಯಲ್ಲಿ ಊರುಗೋಲು. ಹೊಣೆ ಮಾತ್ರ ಇಬ್ಬರಿಗೂ!